ಹೆಗಲಿಗೆ ಬೈನಾಕ್ಯುಲರ್, ಗಾಡಿಯಲ್ಲಿ ರಾಗಿ ಚೀಲ

ಮನೆಗೆಲಸವೆಲ್ಲ ಮುಗಿದ ಮೇಲೆ ಹವ್ಯಾಸಕ್ಕೆ ಕೂರೋಣವೆಂದುಕೊಂಡರೆ ಆ ಹೊತ್ತು ಬರುವುದೇ ಇಲ್ಲವೆಂಬುದು ಇಬ್ಬರು ಮಕ್ಕಳ ತಾಯಿಯಾದ ನನಗೆ ಎಂದೋ ಮನವರಿಕೆಯಾಗಿದೆ. ‘ನಿಮಗಾಗಿಯೇ ಒಂದಷ್ಟು ಸಮಯ ಮೀಸಲಿಡಿ’ ಎಂದು ಉಪದೇಶಿಸುವವರ ಮನೆಯಲ್ಲಿ ರಾಗಿ ಬೀಸಿಸಿಕೊಂಡು ಬರುವವರು ಯಾರೆಂದು ಕೇಳಬೇಕೆನಿಸುತ್ತದೆ. ನಮ್ಮಲ್ಲಂತೂ ಹಕ್ಕಿ ನೋಡುವುದು, ಹಿಟ್ಟು ಮಾಡಿಸುವುದು, ಅವರೆಕಾಯಿ ಸುಲಿಯುವುದು ಎಲ್ಲವೂ ಒಂದೇ ಭಾನುವಾರದೊಳಗೆ ಒಂದಕ್ಕೊಂದು ತಳುಕು ಹಾಕಿಕೊಂಡೇ ನಡೆಯುತ್ತವೆ. ಸಂಕ್ರಾಂತಿಯ ನಂತರ ಬಂದ ಈ ಭಾನುವಾರವೂ ಹಾಗೆಯೇ ಸಾಗಿತು.

ಬೆಳಿಗ್ಗೆ ಮಕ್ಕಳಿಬ್ಬರನ್ನೂ ಎಬ್ಬಿಸಿಕೊಂಡು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ ಈ ಕೆರೆ ಇಂದು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ಸೇರಿಕೊಂಡಂತಿದ್ದು, ಏರಿಯ ಮೇಲೆ ನಡೆಯಲು ಬರುವವರ ಸಂಖ್ಯೆ ಹಕ್ಕಿ ನೋಡುವವರಿಗಿಂತ ಬಹಳ ಹೆಚ್ಚು. ಮಂಜು ಇನ್ನೂ ನೀರಿನ ಮೇಲಿದ್ದಾಗಲೇ ಹೆಜ್ಜಾರ್ಲೆಗಳು (ಪೆಲಿಕನ್) ಮೀನು ಹಿಡಿಯತೊಡಗಿದ್ದವು. ದೊಡ್ಡ ಕೊಕ್ಕನ್ನು ನೀರಿಗೆ ಅದ್ದಿ, ಕೆಳಗಿನ ಚೀಲದ ತುಂಬ ನೀರು ಮೀನು ಎರಡನ್ನೂ ಮೊಗೆದು, ಕೊಕ್ಕನ್ನು ಎದೆಗೆ ಒತ್ತಿದಂತೆ ಬಗ್ಗಿಸಿ ನೀರನ್ನೆಲ್ಲ ಸೋರಿಸಿದ ಮೇಲೆಯೇ ಅದು ತಲೆ ಎತ್ತಿ ಮೀನನ್ನು ನುಂಗುವುದು. ಈ ಸೋರಿಸುವ ಕೆಲಸಕ್ಕೆ ಅದು ತೆಗೆದುಕೊಳ್ಳುವ ವ್ಯವಧಾನವನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸುವುದಿಲ್ಲ. ಒಂದನೇ ತರಗತಿಯ ಮಗನಿಗೆ ಮಾತ್ರ ಹಾವಕ್ಕಿಯ ಮೇಲೆಯೇ ಕಣ್ಣು. ಮೈಯನ್ನೆಲ್ಲ ನೀರಿನೊಳಗೆ ಮುಳುಗಿಸಿ ಉದ್ದನೆಯ ಕತ್ತನ್ನಷ್ಟೇ ಮೇಲಿಟ್ಟು ಅದು ಈಜುತ್ತಿದ್ದಾಗ, “ಅಮ್ಮ, ನಿಜವಾಗ್ಲೂ ಹಾವು ಅಲ್ವಾ ಅದು?” ಎಂದು ಅವನು ಪದೇ ಪದೇ ಕೇಳಿ ಖಚಿತಪಡಿಸಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಅದೇ ಹಕ್ಕಿ ಒಣಗಿದ ಕೊಂಬೆಯೇರಿ, ನೀರು ಹೀರಿಕೊಂಡ ರೆಕ್ಕೆಗಳನ್ನು ಬಿಸಿಲಿಗೆ ಹರಡಿ ಕುಳಿತದ್ದನ್ನು ಕಂಡ ಮೇಲಷ್ಟೇ ಅವನಿಗೆ ಸಮಾಧಾನವಾಯಿತು.

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲಿ ಭಾಗವಹಿಸಬೇಕೆಂದು ಈಗಿನಿಂದಲೇ ಅಭ್ಯಾಸ ನಡೆಸಿದ್ದಾಳೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ, ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರೆ ಸಾಕು. ಅಪರೂಪದ ಹಕ್ಕಿಯೇ ಸಿಗಬೇಕೆಂಬ ನಿಯಮವೇನೂ ಇಲ್ಲ. ಆ ಸಡಿಲಿಕೆಯ ಪ್ರಯೋಜನ ನಮಗೆ ಗಿರಣಿಯಲ್ಲಿ ದೊರೆಯಿತು.

ಕೆರೆಯಿಂದ ಮರಳುವಾಗ ರಸ್ತೆ ಬದಿಯ ರಾಶಿಯಿಂದ ಸೊಗಡಿನ ಅವರೆಕಾಯಿ ಕೊಂಡು, ಮನೆಯಲ್ಲಿ ಅತ್ತೆಯವರಿಗೆ ಒಪ್ಪಿಸಿ, ಅವರು ತೊಳೆದು ಒಣಗಿಸಿಟ್ಟಿದ್ದ ರಾಗಿಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಮಗಳೊಡನೆ ಹೊರಟೆ. ಭಾನುವಾರವಾದ್ದರಿಂದ ಗಿರಣಿಯ ಮುಂದೆ ಡಬ್ಬಗಳ ಸಾಲೇ ಇತ್ತು. ನಮ್ಮ ಸರದಿ ಬರುವವರೆಗೆ ಮಗಳು ಫೋನ್ ತೆಗೆದು, ಚೆಲ್ಲಿದ ಕಾಳಿಗೆ ಮುಗಿಬಿದ್ದಿದ್ದ ಗುಬ್ಬಚ್ಚಿಗಳನ್ನೂ ಸಜ್ಜದ ಮೇಲಿನ ಪಾರಿವಾಳಗಳನ್ನೂ ಎಣಿಸಿ ಪ್ರತ್ಯೇಕ ಪಟ್ಟಿಯನ್ನೇ ಸಿದ್ಧಪಡಿಸಿದಳು. ನಗರದಲ್ಲಿ ಗುಬ್ಬಚ್ಚಿಯೇ ಇಲ್ಲವೆಂದು ಕೊರಗುವವರು ಒಮ್ಮೆ ಹಿಟ್ಟಿನ ಗಿರಣಿಯ ಮುಂದೆ ನಿಲ್ಲಬೇಕು. ಒಳಗೆ ಗಿರಣಿಯವರು ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ಚೀಲವನ್ನು ಕೋಲಿನಿಂದ ತಟ್ಟಿ ತಟ್ಟಿ ಕೊನೆಯ ಹಿಡಿ ಹಿಟ್ಟನ್ನೂ ನಮ್ಮ ಡಬ್ಬಕ್ಕೆ ಇಳಿಸಿದರು. ಬೀಸಿದ ಹಿಟ್ಟು ಮುಟ್ಟಲಾಗದಷ್ಟು ಬಿಸಿಯಾಗಿರುವುದರಿಂದ ಮನೆಗೆ ತಂದೊಡನೆ ಹಳೆಯ ಪಂಚೆಯ ಮೇಲೆ ಹರಡಿ ಆರಿಸಬೇಕು. ಬಿಸಿಯಲ್ಲಿಯೇ ಮುಚ್ಚಿಟ್ಟರೆ ಬೆವರಿ ಗಂಟುಕಟ್ಟುತ್ತದೆ.

ಅಷ್ಟರಲ್ಲಿ ಅವರೆಕಾಳು ನೀರಿನಲ್ಲಿ ನೆನೆಯುತ್ತಿತ್ತು. ಊಟದ ನಂತರ ಎಲ್ಲರೂ ನಡುಮನೆಯಲ್ಲಿ ಪಾತ್ರೆಯ ಸುತ್ತ ಕುಳಿತು ಹಿದುಕತೊಡಗಿದೆವು. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಹದವಾಗಿ ಅಮುಕಿದರೆ ಬೇಳೆ ಚಿಮ್ಮಿ ಹೊರಬರುತ್ತದೆ, ಸಿಪ್ಪೆ ಬೆರಳಿನಲ್ಲಿ ಉಳಿಯುತ್ತದೆ. ಮಗನ ಬೇಳೆಗಳೆಲ್ಲ ಅಕ್ಕನ ಕಡೆಗೇ ಚಿಮ್ಮುತ್ತಿದ್ದವು. ಬೆಳಗಿನ ಹೆಜ್ಜಾರ್ಲೆಯ ಮಾತು ಬಂದಾಗ ಮದ್ದೂರಿನ ಕಡೆಯವರಾದ ಅತ್ತೆಯವರು ಕೊಕ್ಕರೆಬೆಳ್ಳೂರನ್ನು ನೆನೆದರು. ಅಲ್ಲಿ ಅವು ಊರೊಳಗಿನ ಹುಣಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವುಗಳನ್ನು ಭಾವಿಸುತ್ತಾರೆ. “ಅಂಗಳವೆಲ್ಲ ನಾತ ಹೊಡೆದರೂ ಒಬ್ಬರೂ ಕಲ್ಲೆತ್ತುತ್ತಿರಲಿಲ್ಲ ಕಣಮ್ಮ” ಎಂದು ಅವರು ಮೊಮ್ಮಗಳಿಗೆ ಹೇಳಿದರು.

ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ಬೆಳಗುವ ಹೊತ್ತಿಗೆ ಆ ಸುತ್ತಮುತ್ತ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲವಾದ್ದರಿಂದ ನಾವು ನಾಲ್ಕಕ್ಕೇ ದೇವರಾಜ ಮಾರುಕಟ್ಟೆಗೆ ಹೋಗಿ ಹೂವು, ವೀಳ್ಯದೆಲೆ ತಂದೆವು. ರಸಬಾಳೆಯೆಂದು ಮಾರುತ್ತಿದ್ದ ಹಣ್ಣನ್ನು ಅತ್ತೆಯವರು ಮೂಸಿ ನೋಡಿ ಹಿಂದಿರುಗಿಸಿದರು. ಪನಾಮ ಸೊರಗು ರೋಗ ನಂಜನಗೂಡಿನ ತೋಟಗಳನ್ನು ಹಾಳುಗೆಡವಿದ ಮೇಲೆ ಅಸಲಿ ರಸಬಾಳೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ರಾತ್ರಿ ಹೊಸ ಹಿಟ್ಟಿನ ಮುದ್ದೆ, ಹಿದುಕಿದ ಬೇಳೆ ಸಾರು. ಊಟ ಮುಗಿದರೂ ಕೆರೆಯ ಪಟ್ಟಿ ಮಾತ್ರ ಮುಗಿದಿರಲಿಲ್ಲ. ಮಗಳು ತೆಗೆದ ಚಿತ್ರದಲ್ಲಿದ್ದ ನೀರುಕಾಗೆ ಚಿಕ್ಕ ಜಾತಿಯದೋ, ಅದಕ್ಕಿಂತ ತುಸು ದೊಡ್ಡದಾದ ಇನ್ನೊಂದೋ ಎಂದು ತಂದೆ-ಮಗಳ ನಡುವೆ ವಾದವೆದ್ದಿತು. ಕೊಕ್ಕು ಉದ್ದವಿದೆ ಎಂದು ಅವಳು, ಮಂಜಿನಲ್ಲಿ ಹಾಗೆ ಕಂಡಿದೆ ಎಂದು ಅವರು. ಜಾತಿ ತಿಳಿಯದಿದ್ದರೆ ‘ಯಾವುದೋ ಒಂದು ನೀರುಕಾಗೆ’ ಎಂದು ದಾಖಲಿಸಲು ಇ-ಬರ್ಡ್‌ನಲ್ಲಿ ಅವಕಾಶವಿದ್ದರೂ ಅವಳು ಅದಕ್ಕೆ ಒಪ್ಪದೆ, ಮುಂದಿನ ವಾರ ಹತ್ತಿರದಿಂದ ನೋಡಿಯೇ ತೀರ್ಮಾನಿಸುತ್ತೇನೆಂದು ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡಳು. ಮುಂದಿನ ಭಾನುವಾರ ಮಗನಿಗೆ ಕ್ಷೌರ ಮಾಡಿಸಬೇಕಾಗಿದೆ. ಅಂಗಡಿಯ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಅಷ್ಟರೊಳಗೆ ಕೆರೆಯನ್ನು ಒಂದು ಸುತ್ತು ಹಾಕಿ ಬರಬಹುದು.