ಮೋಸ ಮಾಡಿದವಳಿಗೆ ಜೀವನಾಂಶ ಯಾಕೆ ಕೊಡ್ತೀಯಾ?

"ಮೋಸ ಮಾಡಿದವಳಿಗೆ ದುಡ್ಡು ಬೇರೆ ಕೊಡ್ತಿದೀಯಾ?" ಡೈವೋರ್ಸ್ ಆಗಿ ಎರಡೂವರೆ ವರ್ಷ ಆಯಿತು. ಅಂದಿನಿಂದ ಇದೇ ಪ್ರಶ್ನೆ. ಮೊದಮೊದಲು ಮಾತು ತಿರುಗಿಸುತ್ತಿದ್ದೆ. ಈಗ ಆ ತಾಳ್ಮೆ ಉಳಿದಿಲ್ಲ. ಹೌದು, ಕೊಡುತ್ತಿದ್ದೇನೆ. ಯಾಕೆ ಅಂತ ಒಂದೇ ಸಲ ಬರೆದುಬಿಡುತ್ತೇನೆ.

ಕಳೆದ ತಿಂಗಳು ಲಿಫ್ಟಿನಲ್ಲಿ ಪರಿಚಯದವರೊಬ್ಬರು ಸಿಕ್ಕರು. ನನ್ನ ಜೊತೆ 12 ವರ್ಷದ ಮಗಳಿದ್ದಳು. ಅವಳ ಎದುರಿಗೇ, "ತಪ್ಪು ಮಾಡಿದವರಿಗೆ ಬಹುಮಾನ ಕೊಟ್ಟ ಹಾಗಾಯ್ತಲ್ವಾ?" ಅಂದರು. ಮಗಳು ತಲೆ ತಗ್ಗಿಸಿದಳು. ಬಾಗಿಲು ತೆರೆದ ಕೂಡಲೇ ನನ್ನನ್ನು ಬಿಟ್ಟು ಮುಂದೆ ನಡೆದಳು. ಮನೆ ತಲುಪುವವರೆಗೂ ಒಂದು ಮಾತಿಲ್ಲ. ಅವಳ ಅಮ್ಮನ ಬಗ್ಗೆ ಅವಳ ಮುಂದೆ ಹಾಗೆ ಮಾತಾಡಿದವರಿಗೆ ನಾನು ಅವತ್ತು ಏನೂ ಹೇಳಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಬಹುಮಾನ ಅನ್ನುವ ಆ ಮಾತೇ ತಪ್ಪು. ಮಗಳಿಗೆ ಎಂಟು ತಿಂಗಳಾಗಿದ್ದಾಗ ನನ್ನ ಹೆಂಡತಿ ಕೆಲಸ ಬಿಟ್ಟಳು. ಇಬ್ಬರೂ ಕೂತು ಮಾಡಿದ ತೀರ್ಮಾನ ಅದು. ಎಂಟು ವರ್ಷ ಮನೆ, ಮಗು, ಹಾಸಿಗೆ ಹಿಡಿದ ನನ್ನ ಅಮ್ಮ, ಎಲ್ಲವನ್ನೂ ಅವಳೇ ನೋಡಿಕೊಂಡಳು. ನಾನು ನಿಶ್ಚಿಂತೆಯಿಂದ ಊರೂರು ತಿರುಗಿ ಕೆಲಸ ಮಾಡಿದೆ. ನನ್ನ ಸಂಬಳ ಮೂರು ಪಟ್ಟಾಯಿತು. ಅವಳು ಮತ್ತೆ ಕೆಲಸ ಹುಡುಕಿದಾಗ ಸಿಕ್ಕಿದ್ದು ಹೊಸಬರಿಗೆ ಕೊಡುವ ಸಂಬಳ.

ಮದುವೆಯ ಕೊನೆಯ ಒಂದು ವರ್ಷ ಅವಳಿಗೆ ಬೇರೆ ಸಂಬಂಧ ಇತ್ತು. ಗೊತ್ತಾದ ಮೇಲೆ ಎಷ್ಟೋ ರಾತ್ರಿ ನಿದ್ದೆ ಮಾಡಿಲ್ಲ. ಕ್ಷಮಿಸಿದ್ದೇನಾ? ಇಲ್ಲ. ಆದರೆ ಆ ಒಂದು ವರ್ಷ ಹಿಂದಿನ ಎಂಟು ವರ್ಷದ ದುಡಿಮೆಯನ್ನು ಹೇಗೆ ಅಳಿಸುತ್ತದೆ? ನನ್ನ ಸಂಬಳ ಏನೂ ಹಿಂದಕ್ಕೆ ಹೋಗಲಿಲ್ಲವಲ್ಲ.

"ಕೋರ್ಟಿಗೆ ಹೋಗಿದ್ದರೆ ಒಂದು ಪೈಸೆ ಕೊಡಬೇಕಿರಲಿಲ್ಲ" ಅನ್ನುವವರೂ ಇದ್ದಾರೆ. ಕಾನೂನು ಅಷ್ಟು ಸರಳ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಲ್ಲಿ ವ್ಯಭಿಚಾರದಲ್ಲಿ ಬಾಳುತ್ತಿರುವ ಹೆಂಡತಿಗೆ ಜೀವನಾಂಶ ಇಲ್ಲ, ನಿಜ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 25 ನೋಡಿ. ಅಲ್ಲಿ ನಡತೆಯ ಜೊತೆಗೆ ಇಬ್ಬರ ಆದಾಯ, ಆಸ್ತಿ, ಉಳಿದ ಸಂದರ್ಭ ಎಲ್ಲವನ್ನೂ ಕೋರ್ಟ್ ತೂಗುತ್ತದೆ. ಗಂಡನೂ ಜೀವನಾಂಶ ಕೇಳಬಹುದು. ಬೇರೆ ಕಡೆಯೂ ಹೀಗೇ, ಒಂದೊಂದು ಕಡೆ ಒಂದೊಂದು ನಿಯಮ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಅವಲಂಬಿತ ಸಂಗಾತಿ ಮಾತ್ರ ದಾರಿ ತಪ್ಪಿದ್ದರೆ ಜೀವನಾಂಶ ಸಿಗುವುದಿಲ್ಲ. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ವಿಚ್ಛೇದನಕ್ಕೆ ಯಾರ ತಪ್ಪನ್ನೂ ತೋರಿಸಬೇಕಾಗಿಲ್ಲ. ನಾವಂತೂ ಜಗಳಕ್ಕೆ ನಿಲ್ಲದೆ ಇಬ್ಬರೂ ಒಪ್ಪಿ ಬೇರೆಯಾದೆವು.

ಜಗಳ ಆಡಲೇ ಇಲ್ಲ ಅಂತಲ್ಲ. ಒಂದು ವಿಷಯಕ್ಕೆ ಪಟ್ಟು ಹಿಡಿದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. "ಯಾವ ದುಡ್ಡು ವಾಪಸ್ ಕೇಳಿದೆ?" ಅಂತ ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ನಮ್ಮ ಜಂಟಿ ಖಾತೆಯಿಂದ ಅವರಿಬ್ಬರ ಓಡಾಟಕ್ಕೆ ಹಣ ಹೋಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಟಿಕೆಟ್, ಹೋಟೆಲ್ ಎಲ್ಲಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಒಂದೊಂದು ತಾರೀಖು ನೋಡಿದಾಗಲೂ ಅವತ್ತು ನಾನು ಎಲ್ಲಿದ್ದೆ ಅಂತ ನೆನಪಾಗುತ್ತಿತ್ತು. ಒಂದು ತಾರೀಖು ಅಮ್ಮ ಆಸ್ಪತ್ರೆ ಸೇರಿದ ದಿನದ್ದು. ಆ ಖಾತೆಯಲ್ಲಿ ಅರ್ಧ ಹಣ ಅವಳದು, ಅರ್ಧ ನನ್ನದು. ನನ್ನ ಅರ್ಧ ವಾಪಸ್ ಬೇಕು ಅಂದೆ. ಅವಳು ಒಪ್ಪಿದಳು. ನಾನು ಅವಳಿಗೆ ಕೊಡಬೇಕಾದ ಒಟ್ಟು ಮೊತ್ತದಲ್ಲಿ ಅಷ್ಟನ್ನು ಕಳೆದೆವು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕೋರ್ಟುಗಳೇ ಆಸ್ತಿ ಹಂಚುವಾಗ ಇಂಥ ಲೆಕ್ಕ ನೋಡುತ್ತವೆ. ನನಗಾದ ನೋವಿಗೆ ಎಷ್ಟು ಅಂತ ಲೆಕ್ಕ ಹಾಕಲು ನನಗೆ ಬರಲಿಲ್ಲ, ಹಾಕಲೂ ಇಲ್ಲ. ಅವಳ ಊಟ, ಬಾಡಿಗೆಯನ್ನು ಕಸಿದುಕೊಂಡರೆ ಅದು ವಾಸಿಯಾಗುತ್ತದೆ ಅಂತಲೂ ಅನ್ನಿಸಲಿಲ್ಲ.

ಅವಳು ಕೆಲಸದಲ್ಲಿ ನೆಲೆಯಾಗಲಿ ಅಂತ ನಾಲ್ಕು ವರ್ಷದ ಅವಧಿ ಇಟ್ಟುಕೊಂಡೆವು. ಇನ್ನು 18 ಕಂತು ಬಾಕಿ ಇದೆ. ಪ್ರತಿ ತಿಂಗಳು 5ನೇ ತಾರೀಖು ಕಳಿಸುತ್ತೇನೆ. ಒಂದು ಸಲವೂ ತಡ ಮಾಡಿಲ್ಲ. ಇಷ್ಟು ಓದಿದ ಮೇಲೂ ಯಾರಿಗಾದರೂ ಕೇಳಲೇಬೇಕು ಅನ್ನಿಸಿದರೆ ಕೇಳಿ, ಆದರೆ ಮಗಳು ಜೊತೆಯಲ್ಲಿ ಇಲ್ಲದಾಗ.