ಹರ್ಡಲ್ಸ್ ಲಾಗ್: ಟ್ರೈಲ್ ಲೆಗ್ ದಾರಿಗೆ ಬರುತ್ತಿದೆ

ಈ ತಿಂಗಳ ಕೆಲಸವೆಲ್ಲ ಟ್ರೈಲ್ ಲೆಗ್, ಅಂದರೆ ಹರ್ಡಲ್ ದಾಟುವಾಗ ಹಿಂದೆ ಬರುವ ಕಾಲಿನ ಮೇಲೇ. ಮೊದಲು ದಾಟುವ ಲೀಡ್ ಲೆಗ್ ಪರವಾಗಿಲ್ಲ, ನೇರ ಎದ್ದು ನೇರ ಇಳಿಯುತ್ತಿದೆ. ಹಿಂದಿನದ್ದೇ ತಕರಾರು. ಮಂಡಿ ಮಡಿಚಿ, ಪಕ್ಕದಿಂದ ಕಂಕುಳ ಕಡೆ ಏರಿ, ಆಮೇಲೆ ಮುಂದಕ್ಕೆ ಬರಬೇಕು. ನನ್ನದು ಅರ್ಧಕ್ಕೇ ಇಳಿದು ಪಕ್ಕದ ಲೇನಿನ ಕಡೆ ಬೀಳುತ್ತಿತ್ತು.

ಅದರಿಂದ ಏನಾಗುತ್ತೆ ನೋಡಿ. ಹೆಂಗಸರ 100 ಮೀಟರ್ ಹರ್ಡಲ್ಸ್‌ನಲ್ಲಿ ಎರಡು ಹರ್ಡಲ್ ನಡುವೆ 8.5 ಮೀಟರ್. ಸುಮಾರು 2 ಮೀಟರ್ ಮೊದಲೇ ಕಾಲೆತ್ತಿ, ಆಚೆ ಒಂದು ಮೀಟರಿಗೆ ಇಳಿದರೆ, ಮೂರು ಹೆಜ್ಜೆಗೆ ಉಳಿಯುವುದು ಐದೂವರೆ ಮೀಟರ್. ಟ್ರೈಲ್ ಲೆಗ್ ಗಿಡ್ಡವಾಗಿ ಬಿದ್ದರೆ ಮೊದಲ ಹೆಜ್ಜೆಯೇ ಕಡಿಮೆ. ಮಿಕ್ಕ ಎರಡನ್ನು ಎಳೆದೆಳೆದು ಹಾಕಬೇಕು. ನಾಲ್ಕನೇ ಹರ್ಡಲ್ ಹೊತ್ತಿಗೆ ಓಟ ಹೋಗಿ ನೆಗೆತ ಶುರು. "ಹಾರಬೇಡಮ್ಮ, ಓಡು" ಅಂತ ಕೋಚ್ ಸರ್ ಕೂಗುವುದು ಆಗಲೇ.

ಸೊಂಟ ಬಿಗಿ ಇರಬೇಕು ಅಂದುಕೊಂಡು ಸ್ಟ್ರೆಚಿಂಗ್ ಜಾಸ್ತಿ ಮಾಡುತ್ತಿದ್ದೆ. ಆದರೆ ಪಾದಕ್ಕೆ ಪಾದ ಜೋಡಿಸಿ ಬಟರ್‌ಫ್ಲೈಗೆ ಕೂತರೆ ಮಂಡಿ ಆರಾಮಾಗಿ ನೆಲ ಮುಟ್ಟುತ್ತೆ. ಸರ್ ಗೋಡೆ ಹಿಡಿಸಿ, ಮಂಡಿಯನ್ನು ಪಕ್ಕಕ್ಕೆ ಸೊಂಟದ ಮಟ್ಟಕ್ಕೆತ್ತಿ ಹಾಗೇ ಇಟ್ಟುಕೊ ಅಂದರು. ಎರಡೇ ಕ್ಷಣಕ್ಕೆ ತೊಡೆ ಗಡಗಡ! ಕಾಲು ಅಲ್ಲಿಗೆ ಹೋಗುತ್ತೆ, ಅಲ್ಲಿ ನಿಲ್ಲಿಸುವ ಬಲ ಇಲ್ಲ. ಸುಮ್ನೆ ಎಳೆದರೆ ಅದು ಬರಲ್ಲ.

ಹಾಗಾಗಿ ಈಗ ನೆಲದ ಮೇಲೆ ಎರಡೂ ಮಂಡಿ ಮಡಿಚಿ, ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಕೂತು, ಹಿಂದಿನ ಪಾದವನ್ನು ಕೈ ಊರದೆ ಎತ್ತುವುದು. ನೋಡೋಕೆ ಏನೂ ಇಲ್ಲ. ಸೊಂಟದ ಪಕ್ಕ ಹಿಡಿದುಕೊಂಡರೆ ಮಾತ್ರ ದೇವರು ಕಾಣುತ್ತಾರೆ. ಆಮೇಲೆ ಹರ್ಡಲ್ ಪಕ್ಕದಲ್ಲೇ ನಡೆಯುತ್ತಾ ಟ್ರೈಲ್ ಲೆಗ್ ಒಂದನ್ನೇ ದಾಟಿಸುವ ಡ್ರಿಲ್.

ಕಾಲಿನ ಬಲಕ್ಕೆ ಸ್ಕ್ವಾಟ್, ಸ್ಟೆಪ್ ಅಪ್, ಜೊತೆಗೆ ಭಾನುವಾರ ಚಾಮುಂಡಿ ಬೆಟ್ಟ. ಹತ್ತುವುದು ಮಾತ್ರ ಮೆಟ್ಟಿಲಲ್ಲಿ, ಇಳಿಯುವುದು ಬಸ್ಸಲ್ಲಿ, ಮಂಡಿ ಉಳಿಯಬೇಕಲ್ವಾ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಬರುವ ಹೆಂಗಸರು ನನ್ನದೂ ಏನೋ ಹರಕೆ ಅಂದುಕೊಂಡು ದಾರಿ ಬಿಡುತ್ತಾರೆ.

ಹರ್ಡಲ್ ತಾಗಿ ಬಿದ್ದರೆ ಔಟ್ ಅಂತ ಮನೆಯಲ್ಲಿ ಇನ್ನೂ ನಂಬಿದ್ದಾರೆ. ಹಾಗೇನಿಲ್ಲ; ಕೈಯಿಂದಲೋ, ಮೈಯಿಂದಲೋ, ಲೀಡ್ ಲೆಗ್ಗಿನ ಮೇಲ್ಭಾಗದಿಂದಲೋ ಬೀಳಿಸಿದರೆ ಬೇರೆ ಮಾತು. ಆದರೆ ಟ್ರೈಲ್ ಲೆಗ್ಗಿನ ಪಾದ ಹರ್ಡಲ್ ಪಕ್ಕದಲ್ಲಿ, ಅದರ ಮೇಲಿನ ಪಟ್ಟಿಗಿಂತ ಕೆಳಗೆ ಹೋದರೆ ಔಟೇ. ನನ್ನ ಹಳೇ ವಿಡಿಯೋಗಳಲ್ಲಿ ಎಡಗಾಲು ಅಲ್ಲೇ ಸವರಿಕೊಂಡು ಹೋಗುತ್ತಿದೆ. ಹೊಸದರಲ್ಲಿ ಮಂಡಿ ಪಟ್ಟಿಯ ಮೇಲೆ ಸ್ಪಷ್ಟ ಕಾಣುತ್ತೆ. ಮೊದಲ ಮೂರು ಹರ್ಡಲ್ ಮಟ್ಟಿಗೆ.

ಮುಂದಿನ ವಾರ ಸ್ಪರ್ಧೆಯ 84 ಸೆಂಟಿಮೀಟರ್ ಎತ್ತರಕ್ಕೆ ವಾಪಸ್. ಆದರೆ ನಡುವಿನ ಅಂತರ ಒಂದಡಿ ಕಡಿಮೆ, ಹರ್ಡಲ್ ಐದೇ. ಲಯ ಕೂತ ಮೇಲೆ ಹರ್ಡಲ್‌ಗಳನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸೋದು.