ಕುಡ್ಲೆ ಅಲೆಗೊಂದು ಬೋರ್ಡ್: ರೇಲ್ ಕೆಲಸ ಮುಗಿಯಿತು

ಗೋಕರ್ಣದ ಕುಡ್ಲೆ ಕಡಲತೀರದ ಅಲೆಗಳಿಗೆಂದು ನಾನೇ ಒಂದು ಸರ್ಫ್‌ಬೋರ್ಡ್ (ಅಲೆಯ ಮೇಲೆ ನಿಂತು ಸವಾರಿ ಮಾಡುವ ಹಲಗೆ) ಮಾಡುತ್ತಿದ್ದೇನೆ. ಹಿಂದಿನ ಕಂತನ್ನು ಬೋರ್ಡಿನ ಆಕಾರ ಕತ್ತರಿಸಿ, ನಡುವೆ ಪ್ಲೈವುಡ್ ಪಟ್ಟಿ ಕೂರಿಸುವಲ್ಲಿಗೆ ನಿಲ್ಲಿಸಿದ್ದೆ. ಉದ್ದ 6 ಅಡಿ 8 ಇಂಚು, ಅಗಲ 21 ಇಂಚು, ನಡುವಲ್ಲಿ ಎರಡೂಮುಕ್ಕಾಲು ಇಂಚು ದಪ್ಪ, ಒಳಗೆ ಒತ್ತಾದ ಥರ್ಮಾಕೋಲ್. ಈ ಸಲ ಪೂರ್ತಿ ರೇಲ್‌ನದ್ದೇ ಮಾತು. ಬೋರ್ಡಿನ ಎರಡೂ ಪಕ್ಕದ ಈ ಅಂಚಿನ ಬಗ್ಗೆ ಫಿನ್‌ನಷ್ಟು, ಅಂದರೆ ತಳದಲ್ಲಿ ಹಿಂದೆ ಇರುವ ರೆಕ್ಕೆಯಷ್ಟು, ಚರ್ಚೆ ಆಗುವುದಿಲ್ಲ. ಆದರೆ 1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಬೋರ್ಡಿಗೆ ಫಿನ್ ಹಚ್ಚುವ ಮೊದಲು ಹವಾಯಿಯವರು ರೇಲ್ ಒತ್ತಿ, ಕಾಲನ್ನು ನೀರಿಗೆ ಅದ್ದಿಯೇ ಬೋರ್ಡ್ ತಿರುಗಿಸುತ್ತಿದ್ದರು. ಹಿಡಿತ ಮೊದಲು ರೇಲ್‌ನಿಂದ, ಫಿನ್ ಆಮೇಲೆ ಎಂದು ನಾನು ನಂಬಿದ್ದೇನೆ.

ಹಿಡಿತ ಹೇಗೆ ಬರುತ್ತದೆಂದು ನೋಡಬೇಕಾದರೆ ಚಮಚದ ಉಬ್ಬಿದ ಬೆನ್ನನ್ನು ನಲ್ಲಿ ನೀರಿಗೆ ತಾಗಿಸಿ. ನೀರು ಆ ಉಬ್ಬನ್ನೇ ಅಂಟಿಕೊಂಡು ಹರಿಯುತ್ತದೆ, ಚಮಚವನ್ನು ಧಾರೆಯೊಳಕ್ಕೆ ಎಳೆದುಕೊಳ್ಳುತ್ತದೆ. ಗುಂಡನೆಯ ರೇಲ್‌ನಲ್ಲೂ ಇದೇ ಆಗುವುದು. ಅಲೆಯ ಮೈಯಲ್ಲಿ ಮೇಲೇರುವ ನೀರು ರೇಲ್ ಸುತ್ತಿ ಡೆಕ್ (ಬೋರ್ಡಿನ ಮೇಲ್ಮೈ) ಕಡೆ ಬಾಗುತ್ತದೆ, ಬೋರ್ಡನ್ನು ಅಲೆಗೆ ಒತ್ತಿ ಹಿಡಿಯುತ್ತದೆ. ಅಂಚು ಚೂಪಾಗಿದ್ದರೆ ನೀರಿಗೆ ಆ ತಿರುವು ಸುತ್ತಲಾಗುವುದಿಲ್ಲ. ಅಲ್ಲೇ ಕಳಚಿಕೊಳ್ಳುತ್ತದೆ, ಬೋರ್ಡ್ ಹಗುರಾಗಿ ಮೇಲೆದ್ದು ಓಡುತ್ತದೆ. ಒಂದೇ ಬೋರ್ಡಿಗೆ ಎರಡೂ ಗುಣ ಬೇಕು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗಬೇಕು ಅನ್ನುವುದೇ ಪ್ರಶ್ನೆ.

ಮುಂಭಾಗವನ್ನು ಸಮ ಗುಂಡಗೆ ಇಟ್ಟೆ. ಅಲೆ ಹಿಡಿಯುವಾಗ ಬೋರ್ಡ್ ತುಸು ಓರೆಯಾದರೂ ಗುಂಡು ರೇಲ್ ನೀರಿಗೆ ಸಿಕ್ಕಿಕೊಳ್ಳುವುದಿಲ್ಲ. ನಡುವಲ್ಲಿ 60/40, ಅಂದರೆ ರೇಲ್‌ನ ತುದಿಗಿಂತ ಮೇಲೆ ಅರವತ್ತು ಪಾಲು, ಕೆಳಗೆ ನಲವತ್ತು. ದಪ್ಪದ ಬಗ್ಗೆ ಮಾತ್ರ ಬಹಳ ಯೋಚಿಸಿದೆ. ಬೋರ್ಡ್ ತಿರುಗಬೇಕಾದರೆ ರೇಲ್ ನೀರೊಳಗೆ ಇಳಿಯಬೇಕು, ಇಳಿಸುವುದು ಸವಾರನ ತೂಕ. ನಾನಿರುವುದು 62 ಕಿಲೋ. ಡಬ್ಬಿಯಂಥ ದಪ್ಪ ರೇಲ್ ಕೊಟ್ಟರೆ ಅದು ಬೂಚಿನ ಹಾಗೆ ತೇಲುತ್ತಲೇ ಇರುತ್ತದೆ, ಒತ್ತಿದರೂ ಕಚ್ಚುವುದಿಲ್ಲ. ತೀರ ತೆಳುವಾದರೆ ಬಲವಿಲ್ಲದ ಅಲೆಯಲ್ಲಿ ಬೋರ್ಡೇ ಮುಳುಗಿ ವೇಗ ಸಾಯುತ್ತದೆ. ಮಳೆಗಾಲ ಬಿಟ್ಟರೆ ಗೋಕರ್ಣದ ಕಡೆ ಅಲೆಗಳು ಹೆಚ್ಚಾಗಿ ಸಣ್ಣವೇ. ಹಾಗಾಗಿ ಡೆಕ್ಕನ್ನು ನಡುವಿನಿಂದ ಅಂಚಿನವರೆಗೆ ನಿಧಾನವಾಗಿ ಇಳಿಸಿ, ದಪ್ಪವನ್ನು ಎದೆಯ ಕೆಳಗೆ ಉಳಿಸಿಕೊಂಡೆ. ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟನ್ನು ಬೋರ್ಡಿನ ಮಟ್ಟಕ್ಕೇ ಅಡ್ಡ ಇಟ್ಟುಕೊಂಡು ತಿಕ್ಕಬೇಕು. ಕೈಗೆ ಸಿಗದ ಉಬ್ಬುತಗ್ಗು ನೆರಳಲ್ಲಿ ಕಾಣುತ್ತದೆ.

ಹಿಂಭಾಗದ್ದು ಬೇರೆಯೇ ಕೆಲಸ. ಟೇಲ್‌ನ (ಬೋರ್ಡಿನ ಬಾಲದ) ಕೊನೆಯಿಂದ 18 ಇಂಚಿನವರೆಗೆ ಬಾಟಮ್ (ತಳ) ಕಡೆ ಚೂಪು ಅಂಚು ಬೇಕಿತ್ತು. ತದಡಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಮಿಸ್ತ್ರಿಯವರನ್ನು ಕೇಳಿದಾಗ ಹೇಳಿದರು: “ತಮ್ಮಾ, ಚೂಪು ಮೂಲೆ ಮೇಲೆ ಗ್ಲಾಸ್ ಕೂರೂದಿಲ್ಲ, ಎದ್ದು ಬರ್ತದೆ. ಗಾಳಿ ಉಳೀತದೆ.” ಗ್ಲಾಸ್ ಎಂದರೆ ಗಾಜಿನ ನಾರಿನ ಬಟ್ಟೆ. ರೆಸಿನ್ ಎಂಬ ಅಂಟುದ್ರವದಲ್ಲಿ ನೆನೆಸಿ ಹೊದಿಸಿದರೆ ಗಟ್ಟಿ ಕವಚವಾಗುತ್ತದೆ. ಅವರು ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ, ಆದ್ದರಿಂದ ನನ್ನದು ಎಪಾಕ್ಸಿ ರೆಸಿನ್. ಆದರೆ ಬಟ್ಟೆ ಬಾಗುವ ರೀತಿ ಎರಡಕ್ಕೂ ಒಂದೇ. ಅವರ ಮಾತಿನಂತೆ ಥರ್ಮಾಕೋಲ್ ಮೂಲೆಯನ್ನು ಸ್ವಲ್ಪ ಗುಂಡಗೆ ಮಾಡಿ ಗ್ಲಾಸ್ ಬಟ್ಟೆ ಹೊದಿಸಿದೆ. ಚೂಪನ್ನು ಆಮೇಲೆ ಬರೀ ರೆಸಿನ್‌ನಲ್ಲಿ ಕಟ್ಟಿದೆ.

ಬೋರ್ಡನ್ನು ಬೋರಲು ಹಾಕಿ, ರೇಲ್ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಬಾಟಮ್‌ಗಿಂತ ಎರಡು-ಮೂರು ಮಿಲಿಮೀಟರ್ ಮೇಲೆ ನಿಲ್ಲುವಂತೆ ಗೋಡೆ ಕಟ್ಟಿದೆ. ಅದರೊಳಗೆ ಬ್ರಷ್‌ನಿಂದ ರೆಸಿನ್ ತುಂಬಿದಾಗ ಅದು ಟೇಪ್‌ಗೆ ಒತ್ತಿ ನಿಂತು, ಗುಂಡು ಮೂಲೆಯ ಕೊರತೆಯನ್ನು ತುಂಬಿಕೊಳ್ಳುತ್ತದೆ. ಜೆಲ್ಲಿಯಷ್ಟು ಬಿಗಿಯಾದ ಕೂಡಲೇ ಟೇಪ್ ಎಳೆಯಬೇಕು. ನಮ್ಮ ಕರಾವಳಿಯ ತೇವದ ಗಾಳಿಗೆ ಎಪಾಕ್ಸಿ ಮೇಲೆ ಜಿಡ್ಡಿನ ಪೊರೆ ಬರುತ್ತದೆ. ಅದನ್ನು ನೀರು, ಸ್ಕ್ರಬ್ಬರ್ ಹಾಕಿ ತೊಳೆಯದೆ ಪಾಲಿಶ್ ಪೇಪರ್ ಮುಟ್ಟಿಸಲೇಬೇಡಿ. ಬಾಟಮ್ ಕಡೆಯಿಂದ ಮಾತ್ರ, ಹಲಗೆಗೆ ಪೇಪರ್ ಸುತ್ತಿ ಚಪ್ಪಟೆಯಾಗಿ ತಿಕ್ಕಿದೆ. ಅಂಚು ಉಗುರಿಗೆ ತಡೆಯಬೇಕು, ಬೆರಳು ಕೊಯ್ಯಬಾರದು.

ಕುಡ್ಲೆಯಲ್ಲಿ ಸೊಂಟದೆತ್ತರದ ಅಲೆಗೆ ಇಳಿಸಿದೆ. ಅಲೆ ಇಳಿದು ಬುಡದಲ್ಲಿ ತಿರುಗುವಾಗ ಎಷ್ಟು ಸಂತೋಷವಾಯಿತು! ರೇಲ್ ಮೆತ್ತಗೆ ಒಳಗಿಳಿಯಿತು, ನೀರು ಟೇಲ್‌ನಲ್ಲಿ ಕಳಚಿತು, ವೇಗ ಉಳಿಯಿತು. ಹಿಂದೆ ಬಳಸುತ್ತಿದ್ದ ಪೂರ್ತಿ ಗುಂಡು ರೇಲ್‌ನ ಲಾಂಗ್‌ಬೋರ್ಡ್ ಇದೇ ತಿರುವಿನಲ್ಲಿ ನೀರನ್ನು ಹಿಂದೆ ಎಳೆದುಕೊಂಡೇ ಬರುತ್ತಿತ್ತು. ನೇರ ಓಟದ ಸಮಾಧಾನ ಮಾತ್ರ ಈಗಲೂ ಲಾಂಗ್‌ಬೋರ್ಡಿನದ್ದೇ, ಅದನ್ನು ಒಪ್ಪಬೇಕು.

ಅಲೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಓಡುವಾಗ ಹಿಂಗಾಲಿನ ಕೆಳಗೆ ತುಸು ಜಾರಿದಂತಾಗುತ್ತದೆ. ಚೂಪು ಅಂಚು ಮುಂದಿನ ಫಿನ್‌ಗಳಿಗಿಂತಲೂ ಮುಂದಕ್ಕೆ ಬಂದಿದೆ. ಅದರ ಮುಂದಿನ 4 ಇಂಚನ್ನು 220 ನಂಬರ್ ಪೇಪರ್‌ನಲ್ಲಿ ಮೆದುಗೊಳಿಸಿ, ಚೂಪು ಕ್ರಮೇಣ ಕರಗುವಂತೆ ಮಾಡಿದ್ದೇನೆ. ಒಂದೇ ಸಲ ಹೆಚ್ಚು ತಿಕ್ಕುವುದಿಲ್ಲ, ಪ್ರತಿ ಸಲವೂ ನೀರಿಗಿಳಿಸಿ ನೋಡುತ್ತೇನೆ. ಮುಂದಿನ ಪರೀಕ್ಷೆ ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ.